ಹೊಗೆಗೊಂದು ದಾರಿ, ಮಳೆಗೊಂದು ದಾರಿ

ಸೋರುವ ಮಾಡಿಗೂ ವಾರಪತ್ರಿಕೆಯ ಧಾರಾವಾಹಿಗೂ ಒಂದು ಹೋಲಿಕೆಯುಂಟು. ಎರಡೂ ಹನಿಹನಿಯಾಗಿ ಬರುತ್ತವೆ. ಎರಡರಲ್ಲಿಯೂ ಮುಖ್ಯವಾದುದು ಯಾವಾಗಲೂ ಮುಂದಿನ ವಾರಕ್ಕೆ ಉಳಿದಿರುತ್ತದೆ. ಆದರೆ ಧಾರಾವಾಹಿಯಾದರೋ ಎಂದಾದರೊಂದು ದಿನ ಮುಗಿಯುತ್ತದೆ. ತೊಕ್ಕೊಟ್ಟಿನ ನಮ್ಮ ಅಕ್ಕನ ಮನೆಯ ಬಚ್ಚಲಿನ ಮಾಡು ಮಾತ್ರ ಐದು ಮಳೆಗಾಲಗಳಿಂದ ಸೋರುತ್ತಲೇ ಇದ್ದಿತು. ಆ ಕಥೆ ಹೇಗೆ ಮುಗಿಯಿತೆಂಬುದನ್ನು ಈ ವಾರ ಹೇಳುತ್ತೇನೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇದೇ ಕಥೆ ನಡೆಯುತ್ತಿದ್ದರೆ ಅದನ್ನು ಬೇಗನೆ ಮುಗಿಸಲು ಸಹಾಯವಾದೀತು.

ತೊಕ್ಕೊಟ್ಟನ್ನು ಕಾಣದವರಿಗಾಗಿ ಎರಡು ಮಾತು. ಮಂಗಳೂರಿನಿಂದ ಕಾಸರಗೋಡಿನ ಕಡೆಗೆ ಹೊರಟವರಿಗೆ ನೇತ್ರಾವತಿಯ ಸೇತುವೆಯನ್ನು ದಾಟಿದ ಮೇಲೆ ಸಿಕ್ಕುವ ಪೇಟೆಯಿದು. ಪಶ್ಚಿಮಕ್ಕೆ ಹೊರಳಿದರೆ ಉಳ್ಳಾಲ, ಪೂರ್ವಕ್ಕೆ ಹೊರಳಿದರೆ ದೇರಳಕಟ್ಟೆ. ಸಮುದ್ರ ಹತ್ತಿರ, ಆದುದರಿಂದ ಗಾಳಿಯಲ್ಲಿ ಉಪ್ಪು. ಮಳೆಯ ಮಾತನ್ನಂತೂ ಕೇಳುವುದೇ ಬೇಡ. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದೇ ತಿಂಗಳಿನಲ್ಲಿ ಸುರಿದುಹೋಗುವುದುಂಟು. ಇಂಥ ಊರಿನಲ್ಲಿ ಮಾಡಿಗೆ ತೂತು ಕೊರೆಯುವವನು ಸ್ವಲ್ಪ ಯೋಚಿಸಿ ಕೊರೆಯಬೇಕು.

ಭಾವನವರು ನಿವೃತ್ತ ಶಾಲಾ ಮಾಸ್ತರರು. ಅಡಿಗೆಮನೆಯಲ್ಲಿ ಗ್ಯಾಸಿನ ಒಲೆ ಇದೆ. ಆದರೂ ಸ್ನಾನದ ನೀರು ಕಾಯುವುದು ಬಚ್ಚಲಿನ ಹಂಡೆಯಲ್ಲಿ, ಸೌದೆಯ ಒಲೆಯ ಮೇಲೆ. ಕುಚ್ಚಿಲಕ್ಕಿಯ ಅನ್ನವೂ ಹಲವು ದಿನ ಅಲ್ಲಿಯೇ ಬೇಯುತ್ತದೆ. ಹಿತ್ತಿಲಿನಲ್ಲಿ ಹತ್ತು ತೆಂಗಿನ ಮರಗಳಿರುವಾಗ ಮಡಲು, ಕೊತ್ತಳಿಗೆ, ಗೆರಟೆಗಳನ್ನು ಎಸೆದು ಗಂಟೆಗಟ್ಟಲೆ ಗ್ಯಾಸು ಉರಿಸುವುದು ಯಾವ ಜಾಣತನ ಎಂದು ಅಕ್ಕನ ವಾದ. ಕರಾವಳಿಯ ಅನೇಕ ಮನೆಗಳಲ್ಲಿ ಇಂದಿಗೂ ಇದೇ ವಾದ ಗೆಲ್ಲುತ್ತದೆ. ಅದರಲ್ಲಿ ನ್ಯಾಯವಿಲ್ಲವೆನ್ನಲೂ ಆಗದು.

ಮೊದಲು ಆ ಬಚ್ಚಲಿಗೆ ಹೊಗೆಕೊಳವೆಯೇ ಇರಲಿಲ್ಲ. ಹಂಚಿನ ಮಾಡಿಗೆ ಅದರ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲ. ಹಂಚು ಹಂಚಿನ ನಡುವಣ ಸಂದುಗಳಲ್ಲಿ ಹೊಗೆ ತಾನಾಗಿಯೇ ನುಸುಳಿ ಹೋಗುತ್ತಿದ್ದಿತು. ಪಕ್ಕಾಸು ರೀಪುಗಳು ಕಪ್ಪಾಗುತ್ತಿದ್ದವು, ಅಷ್ಟೆ. ಆದರೆ ಹಂಚನ್ನು ಇಳಿಸಿ, ತೊಳೆದು, ಒಡೆದುದನ್ನು ಬದಲಿಸಿ ಮತ್ತೆ ಹೊದೆಸುವ ಕೆಲಸಗಾರರು ಬರಬರುತ್ತ ಸಿಕ್ಕದಾದರು. ಕೊನೆಗೆ ಭಾವನವರು ಹಿಂಬದಿಯ ಹಂಚುಗಳನ್ನೆಲ್ಲ ತೆಗೆಸಿ ಬಣ್ಣದ ತಗಡು ಹಾಕಿಸಿದರು. ತಗಡು ಮಳೆಯನ್ನೇನೋ ಹೊರಗಿಟ್ಟಿತು; ಆದರೆ ಹೊಗೆಯನ್ನು ಒಳಗೆ ಕೂಡಿಹಾಕಿತು. ಆಗ ತಗಡಿಗೆ ತೂತು ಕೊರೆದು ಆರು ಅಂಗುಲದ ಕೊಳವೆಯೊಂದನ್ನು ಮೇಲಕ್ಕೆ ಹಾಯಿಸಬೇಕಾಯಿತು. ನಮ್ಮ ಕಡೆಯಲ್ಲಿ ಚಿಮಿಣಿಯೆಂದರೆ ದೀಪ, ಚಿಮಿಣಿ ಎಣ್ಣೆಯೆಂದರೆ ಸೀಮೆಎಣ್ಣೆ. ಆದುದರಿಂದ ನಾನು ಇದನ್ನು ಹೊಗೆಕೊಳವೆಯೆಂದೇ ಕರೆಯುತ್ತೇನೆ. ಕೊಳವೆಯೂ ತಗಡೂ ಕೂಡುವೆಡೆಯಲ್ಲಿ ನೀರು ಇಳಿಯದಂತೆ ಸುತ್ತಲೂ ಹಾಕುವ ತಗಡಿನ ಪಟ್ಟಿಗೆ ಕೆಲಸಗಾರರು ಇಂಗ್ಲಿಷಿನಂತೆ ಫ್ಲಾಶಿಂಗ್ ಎನ್ನುತ್ತಾರೆ. ನಾವು ಅದನ್ನು ಕೊರಳಪಟ್ಟಿಯೆನ್ನೋಣ. ಈ ಕಥೆಯ ಖಳನಾಯಕ ಆ ಕೊರಳಪಟ್ಟಿಯೇ.

ಮೊದಲನೆಯ ಮಳೆಗಾಲದಲ್ಲಿಯೇ ಹಂಡೆಯ ಪಕ್ಕಕ್ಕೆ ಹನಿ ಬೀಳತೊಡಗಿತು. ತಗಡು ಹೊದೆಸಿದವನು ಬಂದು ಕೊಳವೆಯ ಸುತ್ತ ಡಾಮರು ಬಳಿದು ಹೋದನು. ಬೇಸಿಗೆಯ ಬಿಸಿಲಿಗೆ ಡಾಮರು ಕರಗಿ ಇಳಿಯಿತು. ಎರಡನೆಯ ವರ್ಷ ಇನ್ನೊಬ್ಬನು ಬಂದು ಸಿಲಿಕೋನಿನ ಅಂಟನ್ನು ಒತ್ತಿದನು; ಅದು ಒಂದೇ ಚಳಿಗಾಲದಲ್ಲಿ ಕೊಳವೆಯನ್ನು ಬಿಟ್ಟು ಸಿಪ್ಪೆಯಂತೆ ಎದ್ದುಬಂದಿತು. ಮೂರನೆಯ ವರ್ಷ ಸಿಮೆಂಟು, ಅದು ಬಿರಿಯಿತು. ನಾಲ್ಕನೆಯ ವರ್ಷ ಡಾಮರಿನ ಪಟ್ಟಿ. ಅದರ ಅಂಚು ಸುರುಳಿ ಸುತ್ತಿತು. ಐದನೆಯ ವರ್ಷ ಭಾವನವರು ಯಾರನ್ನೂ ನಂಬದೆ ತಾವೇ ಏಣಿ ಹತ್ತಿದರು. ಮಳೆ ಕೊಳವೆಯ ಬಾಯಿಯಿಂದಲೇ ಬರುತ್ತಿರಬೇಕೆಂದು ತರ್ಕಿಸಿ, ಹಳೆಯ ತಗಡಿನ ಡಬ್ಬವೊಂದನ್ನು ಬಾಯಿಯ ಮೇಲೆ ಬೋರಲು ಹಾಕಿ, ತಂತಿಯಿಂದ ಬಿಗಿದು ಇಳಿದರು. ಸೋರಿಕೆ ಅರ್ಧಕ್ಕೆ ಇಳಿಯಿತು. ಭಾವನವರಿಗೆ ಪರಮಾನಂದವಾಯಿತು.

ನಾನು ಅಲ್ಲಿಗೆ ಹೋದದ್ದು ಅದಾದ ಮೂರನೆಯ ದಿನ. ಆಟಿಯ ತಿಂಗಳು, ಬೆಳಗಿನಿಂದ ಬಿಡದೆ ಮಳೆ. ಭಾವನವರ ತಾಯಿಯವರಿಗೆ ಎಂಬತ್ತು ದಾಟಿದೆ. ಚಳಿಯೆಂದು ಅವರು ಬಚ್ಚಲಿನ ಬಾಗಿಲನ್ನು ಮುಂದೆ ಮಾಡಿಕೊಂಡು ಒಲೆಯ ಮುಂದೆ ಮಣೆ ಹಾಕಿ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಒಳಗೆ ಹೋದವಳು ಒಮ್ಮೆಲೆ ಕೂಗಿಕೊಂಡಳು. ವೃದ್ಧೆ ಗೋಡೆಗೆ ಒರಗಿಬಿಟ್ಟಿದ್ದರು. ಮಾತು ತೊದಲುತ್ತಿದ್ದಿತು, ತಲೆ ಒಡೆಯುತ್ತಿದೆಯೆಂದರು, ಓಕರಿಕೆ ಬರುತ್ತಿದ್ದಿತು. ಇಬ್ಬರೂ ಸೇರಿ ಅವರನ್ನು ಜಗಲಿಗೆ ಎತ್ತಿ ತಂದು ಗಾಳಿಗೆ ಮಲಗಿಸಿದೆವು. ವೈದ್ಯರು ಬಂದು ನೋಡಿ, ಒಲೆಯ ಸಂಗತಿಯನ್ನು ವಿಚಾರಿಸಿ, “ಹೊಗೆ ಹೋಗುವ ದಾರಿಯನ್ನು ಮುಚ್ಚಿದವರು ಯಾರು?” ಎಂದು ಕೇಳಿದರು. ಭಾವನವರು ಉತ್ತರ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಪ್ರಾಣವಾಯು ಕೊಟ್ಟ ಮೇಲೆ ತಾಯಿಯವರು ಚೇತರಿಸಿಕೊಂಡು ಮನೆಗೆ ಮರಳಿದರು. ಅದೇ ಪುಣ್ಯ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. ಸೌದೆಯಾಗಲಿ ಕೆಂಡವಾಗಲಿ ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವನ್ನು ಹೊತ್ತೊಯ್ಯುವ ಜಾಗವನ್ನು ಅದು ಆಕ್ರಮಿಸಿಬಿಡುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಇವು ಅದರ ಮೊದಲ ಸೂಚನೆಗಳು. ಕಣ್ಣುರಿಸುವ ಹೊಗೆಯಾದರೆ ಮನುಷ್ಯ ಎದ್ದು ಹೊರಗೆ ಬರುತ್ತಾನೆ. ಉರಿಯಿಳಿದು ಕೆಂಡ ಮಾತ್ರ ಉಳಿದಾಗ ಹೊಗೆ ಕಾಣುವುದಿಲ್ಲ. ಅಪಾಯ ಮಾತ್ರ ಇದ್ದೇ ಇರುತ್ತದೆ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕುಳಿತಿರುವವರು ಮನೆಯ ಹೆಂಗಸರು. ಅವರ ಮಗ್ಗುಲಲ್ಲಿರುವವು ಮಕ್ಕಳು.

ಹೊಗೆಕೊಳವೆಯ ಬೆಲೆಯನ್ನು ನಮ್ಮ ನಾಡಿನವರೇ ಚೆನ್ನಾಗಿ ಕಂಡುಕೊಂಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಪ್ರಾರಂಭವಾಯಿತು. ಹಳ್ಳಿಗಳಿಗೆ ಉಪಯೋಗವಾಗುವ ವಿಜ್ಞಾನವೇ ಅದರ ಗುರಿ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತಾಯಿತು. ಮೂರು ಪಾತ್ರೆಗಳನ್ನಿಡಬಹುದಾದ, ಕಡಿಮೆ ಸೌದೆ ಬೇಡುವ ಆ ಒಲೆಯ ಮುಖ್ಯ ಅಂಗಗಳಲ್ಲಿ ಹೊಗೆಕೊಳವೆಯೂ ಒಂದು. ಬಿಸಿಯಾದ ಹೊಗೆ ಹಗುರಾಗಿ ಕೊಳವೆಯಲ್ಲಿ ಮೇಲೇರುತ್ತದೆ. ಏರುತ್ತ ಒಲೆಯ ಬಾಯಿಯಿಂದ ಹೊಸ ಗಾಳಿಯನ್ನು ಸೆಳೆಯುತ್ತದೆ. ಎಂದರೆ ಕೊಳವೆಯು ಹೊಗೆಯನ್ನು ಹೊರಗೆ ಕಳುಹಿಸುವುದಷ್ಟೇ ಅಲ್ಲ, ಬೆಂಕಿಗೆ ಉಸಿರನ್ನೂ ಕೊಡುತ್ತದೆ. ಸೋರಿಕೆಗಾಗಿ ಅದರ ಬಾಯಿಗೆ ಬಟ್ಟೆ ತುರುಕುವುದು, ಡಬ್ಬ ಮುಚ್ಚುವುದು, ಟರ್ಪಾಲು ಕಟ್ಟುವುದು, ಇವೆಲ್ಲ ಒಲೆಯ ಕತ್ತು ಹಿಸುಕಿದಂತೆಯೇ.

ಮನೆಗೆ ಮರಳಿದ ದಿನವೇ ಭಾವನವರು ಡಬ್ಬವನ್ನು ಕಿತ್ತೆಸೆದರು. ಸೋರಿಕೆ ಮತ್ತೆ ಪ್ರಾರಂಭವಾಯಿತು. ಆಗ ಅಕ್ಕ ಹೇಳಿದಳು: “ಇವರಿಗೆ ಎಷ್ಟು ಸಲ ಹೇಳಿದೆ ತಮ್ಮಾ, ಆ ಹಂಚಿನ ಮೇಸ್ತ್ರಿಯನ್ನೊಮ್ಮೆ ಕರೆಯಿರಿ ಎಂದು. ಹಂಚಿನವನಿಗೆ ತಗಡಿನ ಕೆಲಸ ಏನು ಗೊತ್ತು ಎನ್ನುತ್ತಾರೆ.”

ಹಂಚಿನ ಮೇಸ್ತ್ರಿಗಳು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ಮಾಡು ಹತ್ತುವುದನ್ನು ಬಿಟ್ಟು ಬಹಳ ದಿನಗಳಾಗಿವೆ. ಜೊತೆಯಲ್ಲಿ ಮಗನಿದ್ದನು. ಬಚ್ಚಲೊಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದರು.

“ಹನಿಯ ಬಣ್ಣ ಯಾವುದು ಅಕ್ಕಾ?” ಎಂದು ಕೇಳಿದರು.

ಹನಿಯ ಬಣ್ಣವನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಅಕ್ಕ ಮಾತ್ರ ನೆನಪು ಮಾಡಿಕೊಂಡು, “ಒಂದೊಂದು ಸಲ ಕಪ್ಪು, ಒಂದೊಂದು ಸಲ ತಿಳಿ” ಎಂದಳು.

“ಹಾಗಾದರೆ ಇಲ್ಲಿ ಎರಡು ಸೋರಿಕೆ ಉಂಟು ಮಾಷ್ಟ್ರೇ. ನೀವು ಐದು ವರ್ಷ ಒಂದೇ ಎಂದು ಮದ್ದು ಮಾಡಿದ್ದೀರಿ” ಎಂದರು ಮೇಸ್ತ್ರಿಗಳು.

ಅವರ ವಿವರಣೆ ಹೀಗೆ: ಕಪ್ಪು ನೀರು ಬರುವುದು ಕೊಳವೆಯ ಒಳಗಿನಿಂದ. ಬಾಯಿಗೆ ಬಿದ್ದ ಮಳೆ ಮಸಿಯನ್ನು ತೊಳೆದುಕೊಂಡು ಇಳಿಯುತ್ತದೆ. ಮಳೆಯಿಲ್ಲದ ದಿನವೂ ಕಪ್ಪು ಹನಿ ಬಿದ್ದರೆ, ಹಸಿ ಸೌದೆಯ ಹಬೆ ತಣ್ಣಗಿನ ಕೊಳವೆಯೊಳಗೆ ನೀರಾಗುತ್ತಿದೆಯೆಂದು ತಿಳಿಯಬೇಕು. ಅದಕ್ಕೆ ಮದ್ದು ಒಣಸೌದೆಯೇ ಹೊರತು ಅಂಟಲ್ಲ. ತಿಳಿನೀರು ಅಥವಾ ತುಕ್ಕಿನ ನೀರು ಕೊಳವೆಯ ಹೊರಮೈಯಲ್ಲಿ ಇಳಿದರೆ ದೋಷ ಕೊರಳಪಟ್ಟಿಯದು. ಮುಂಜಾನೆ ಮಾತ್ರ ತಗಡಿನ ಅಡಿಯಲ್ಲೆಲ್ಲ ಹನಿ ಕಟ್ಟಿದರೆ ಅದು ಸೋರಿಕೆಯೇ ಅಲ್ಲ, ಬೆವರು.

ಎರಡು ದಿನ ಕಳೆದ ಮೇಲೆ ಹೊಳವಾಯಿತು. ತಗಡು ಪೂರ್ಣ ಒಣಗುವ ತನಕ ಮೇಸ್ತ್ರಿಗಳು ಮಗನನ್ನು ಮೇಲೆ ಬಿಡಲಿಲ್ಲ. ಆಮೇಲೆ ಒಲೆಯನ್ನು ಆರಿಸಿ, ಕೊಡಪಾನದಲ್ಲಿ ನೀರು ತರಿಸಿ ಪರೀಕ್ಷೆ ನಡೆಸಿದರು. ಆ ಪರೀಕ್ಷೆಯ ಗುಟ್ಟು ಕೆಳಗಿನಿಂದ ಮೇಲಕ್ಕೆ ಹೋಗುವುದು. ಮೊದಲು ಕೊಳವೆಯ ಕೆಳಬದಿಯ ತಗಡಿನ ಮೇಲೆ ಸುರಿಸಿದರು. ಒಳಗೆ ನಿಂತಿದ್ದ ನನಗೆ ಏನೂ ಕಾಣಲಿಲ್ಲ. ಬಳಿಕ ಎರಡೂ ಪಕ್ಕಗಳಿಗೆ, ಆಗಲೂ ಇಲ್ಲ. ಕೊನೆಗೆ ಕೊಳವೆಯ ಮೇಲ್ಬದಿಗೆ, ನೆತ್ತಿಯ ಕಡೆಯಿಂದ ಸುರಿಸಿದರು. ಹತ್ತು ಎಣಿಸುವುದರೊಳಗೆ ಕೊಳವೆಯ ಬೆನ್ನಿನಲ್ಲಿ ನೀರು ಗೆರೆಯೆಳೆದು ಇಳಿಯಿತು. ಮೇಲಿನಿಂದಲೇ ಪ್ರಾರಂಭಿಸಿದ್ದರೆ ನೀರು ಎಲ್ಲ ಕಡೆಗೂ ಹರಿದು ಯಾವ ತೂತೆಂದು ತಿಳಿಯುತ್ತಲೇ ಇರಲಿಲ್ಲ.

ಕಾರಣ ಬಹಳ ಸರಳ. ಹಿಂದಿನ ಕೆಲಸಗಾರನು ಚೌಕಾಕಾರದ ಕೊರಳಪಟ್ಟಿಯೊಂದನ್ನು ತಂದು, ಅದರ ನಾಲ್ಕು ಅಂಚುಗಳನ್ನೂ ಮಾಡಿನ ತಗಡಿನ ಮೇಲೆಯೇ ಇಟ್ಟು, ಸುತ್ತಲೂ ಡಾಮರು ಬಳಿದಿದ್ದನು. ಕೆಳಗಿನ ಅಂಚು ತಗಡಿನ ಮೇಲಿರುವುದು ಸರಿ. ನೀರು ಅಲ್ಲಿಂದ ಜಾರಿಹೋಗುತ್ತದೆ. ಆದರೆ ಮೇಲಿನ ಅಂಚೂ ತಗಡಿನ ಮೇಲಿದ್ದರೆ, ನೆತ್ತಿಯಿಂದ ಹರಿದು ಬರುವ ನೀರು ನೇರವಾಗಿ ಆ ಅಂಚಿನ ಅಡಿಗೆ ನುಗ್ಗುತ್ತದೆ. ಅದನ್ನು ತಡೆಯುವುದಕ್ಕೆ ಡಾಮರಿನ ಒಂದು ಗೆರೆ ಮಾತ್ರ.

“ಹಂಚು ಹೊದೆಸುವಾಗ ಮೇಲಿನ ಹಂಚಿನ ತುದಿಯನ್ನು ಕೆಳಗಿನ ಹಂಚಿನ ಅಡಿಗೆ ಸಿಕ್ಕಿಸುವವರುಂಟೇ?” ಎಂದರು ಮೇಸ್ತ್ರಿಗಳು. “ಹಾಗೆ ಮಾಡಿದವನನ್ನು ಆ ಕಾಲದಲ್ಲಿ ಮಾಡಿನಿಂದ ಇಳಿಸಿಬಿಡುತ್ತಿದ್ದೆವು. ಹಂಚಾದರೇನು, ತಗಡಾದರೇನು, ನೀರಿಗೆ ಇಬ್ಬರೂ ಒಂದೇ ಮಾಷ್ಟ್ರೇ.”

ಭಾವನವರು ಮೌನವಾಗಿದ್ದರು. ನನಗಾದರೋ ಹೊಳೆಯಾಚೆಯ ಜೆಪ್ಪುವಿನ ನೆನಪಾಯಿತು. ತೊಕ್ಕೊಟ್ಟಿನಿಂದ ಸೇತುವೆ ದಾಟಿದರೆ ನೇತ್ರಾವತಿಯ ಆ ದಡದಲ್ಲಿಯೇ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದರು. ಮಂಗಳೂರು ಹಂಚು ಅಲ್ಲಿಂದ ದೇಶವಿದೇಶಗಳಿಗೆ ಹೋಯಿತು. ಆ ಹಂಚಿನ ಜಾಣತನ ಜೇಡಿಮಣ್ಣಿನಲ್ಲಿ ಮಾತ್ರವಲ್ಲ, ಒಂದರ ಮೇಲೊಂದು ಕೂಡುವ ಅದರ ಅಂಚುಗಳಲ್ಲಿಯೂ ಇದೆ. ಯಾವ ಅಂಟೂ ಇಲ್ಲದೆ, ಬರಿಯ ಜೋಡಣೆಯಿಂದಲೇ ಅದು ಈ ಕರಾವಳಿಯ ಮಳೆಯನ್ನು ತಡೆದುಕೊಂಡು ಬಂದಿದೆ.

ಅಲೆಯಲೆಯಾದ ತಗಡೂ ಹೊಸದೇನಲ್ಲ. ಲಂಡನ್ನಿನ ಬಂದರಿನ ಇಂಜಿನಿಯರರಾಗಿದ್ದ ಹೆನ್ರಿ ರಾಬಿನ್ಸನ್ ಪಾಮರ್ ಅದಕ್ಕೆ 1829ರಲ್ಲಿ ಪೇಟೆಂಟು ಪಡೆದರು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಡುವ ಕ್ರಮಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟು ಪಡೆದರು. ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದ ಹಂಚಿಗೂ ತಗಡಿಗೂ ನೀರು ಇಟ್ಟ ಕಾನೂನು ಒಂದೇ: ಮೇಲಿನದು ಕೆಳಗಿನದರ ಮೇಲೆ ಬರಬೇಕು.

ಇನ್ನು ಅಂಟು ಏಕೆ ನಿಲ್ಲುವುದಿಲ್ಲವೆಂಬುದಕ್ಕೂ ಲೆಕ್ಕವಿದೆ. ಬಿಸಿಲಿಗೆ ಲೋಹ ಹಿಗ್ಗುತ್ತದೆ. ನಾಲ್ಕು ಮೀಟರು ಉದ್ದದ ಉಕ್ಕಿನ ತಗಡಿನ ಬಿಸಿ 40 ಡಿಗ್ರಿ ಏರಿದರೆ ಅದು ಸುಮಾರು 2 ಮಿಲಿಮೀಟರು ಬೆಳೆಯುತ್ತದೆ. ಅಲ್ಯೂಮಿನಿಯಮಿನದಾದರೆ ಅದರ ಎರಡರಷ್ಟು. ಸುಡುಬಿಸಿಲಿನಲ್ಲಿ ಮಳೆ ಬಿದ್ದರೆ ಕ್ಷಣದಲ್ಲಿ ಕುಗ್ಗುತ್ತದೆ. ಒಳಗಿನ ಕೊಳವೆಯಾದರೋ ಒಲೆ ಹೊತ್ತಿಸಿದಾಗ ಬೇರೊಂದು ಲೆಕ್ಕದಲ್ಲಿ ಹಿಗ್ಗುತ್ತದೆ. ಹೀಗೆ ದಿನವೂ ಒಂದನ್ನೊಂದು ಬಿಟ್ಟು ಚಲಿಸುವ ಎರಡು ಲೋಹಗಳನ್ನು ಸಿಮೆಂಟಿನಿಂದಲೋ ಅಂಟಿನಿಂದಲೋ ಹಿಡಿದು ನಿಲ್ಲಿಸುತ್ತೇವೆಂಬುದು ಆಗದ ಮಾತು. ಸಾಲದೆಂಬಂತೆ ಹಸಿ ಸಿಮೆಂಟಿನ ಕ್ಷಾರವು ಸತುವನ್ನೂ ಅಲ್ಯೂಮಿನಿಯಮನ್ನೂ ತಿನ್ನುತ್ತದೆ. ಕೆಲವು ಬಗೆಯ ಸಿಲಿಕೋನು ಒಣಗುವಾಗ ವಿನೆಗರಿನ ಹುಳಿವಾಸನೆ ಬರುತ್ತದೆ. ಅದು ಹೊರಬಿಡುವ ಆಮ್ಲವೂ ಸತುವಿನ ಲೇಪಕ್ಕೆ ಶತ್ರು. ಅಂಗಡಿಯಲ್ಲಿ ಕೇಳುವಾಗ ಆಮ್ಲವಿಲ್ಲದ ‘ನ್ಯೂಟ್ರಲ್’ ಜಾತಿಯದನ್ನೇ ಕೇಳಬೇಕು. ಭಾವನವರ ಮನೆಯ ತೂತಿನ ಸುತ್ತ ತುಕ್ಕು ಹಿಡಿದುದಕ್ಕೆ ಉಪ್ಪುಗಾಳಿಯೊಂದೇ ಕಾರಣವಲ್ಲ, ಐದು ವರ್ಷಗಳ ಮದ್ದೂ ಕಾರಣ.

ಮೇಸ್ತ್ರಿಗಳು ಮಾಡಿಸಿದ ಕೆಲಸವನ್ನು ಇದ್ದಂತೆಯೇ ಹೇಳುತ್ತೇನೆ.

ಅದೃಷ್ಟವಶಾತ್ ಕೊಳವೆ ಮಾಡಿನ ನೆತ್ತಿಯಿಂದ ಒಂದೇ ಮೀಟರಿನಷ್ಟು ಕೆಳಗಿದ್ದಿತು. ಹಳೆಯ ಕೊರಳಪಟ್ಟಿಯನ್ನು ಕಿತ್ತು, ಡಾಮರು ಸಿಮೆಂಟುಗಳನ್ನೆಲ್ಲ ಕೆರೆದು, ತುಕ್ಕನ್ನು ಉಜ್ಜಿ, ಸತುವಿನ ಬಣ್ಣ ಕೊಟ್ಟರು. ಮಾಡಿನ ತಗಡಿನ ಜಾತಿಯದೇ ಆದ ಅಗಲವಾದ ಸಾದಾ ತಗಡೊಂದನ್ನು ತರಿಸಿದರು. ಅದರ ಮೇಲಿನ ತುದಿಯನ್ನು ನೆತ್ತಿಯ ಮುಚ್ಚುತಗಡಿನ ಅಡಿಗೆ ಸೇರಿಸಿದರು; ಕೆಳಗಿನ ತುದಿಯನ್ನು ತೂತಿನಿಂದ ಆರು ಅಂಗುಲ ಕೆಳಗೆ, ಮಾಡಿನ ತಗಡಿನ ಮೇಲೆ ಬಿಟ್ಟರು. ಎರಡು ಪಕ್ಕಗಳ ಅಂಚನ್ನು ಪಕ್ಕದ ಏರುಗಳನ್ನು ದಾಟಿಸಿ ಕೂಡಿಸಿದರು. ಈಗ ನೆತ್ತಿಯಿಂದ ಹೊರಟ ನೀರಿಗೆ ನುಸುಳುವ ಅಂಚೇ ಇಲ್ಲ. ಹೊಸ ತಗಡಿನ ಮೇಲೆ ಹುಟ್ಟಿ, ಅದರ ಮೇಲೆಯೇ ಹರಿದು, ಹಳೆಯ ತಗಡಿನ ಮೇಲೆ ಬಿದ್ದು ಹೋಗಬೇಕು. ತಿರುಪುಗಳನ್ನೆಲ್ಲ ರಬ್ಬರಿನ ಬಿಲ್ಲೆಯಿಟ್ಟು ತಗಡಿನ ಏರಿನಲ್ಲಿಯೇ ಹಾಕಿದರು. ನೀರು ಹರಿಯುವುದು ತಗ್ಗಿನಲ್ಲಿ. ತಗ್ಗಿಗೆ ಹಾಕಿದ ತಿರುಪು ಹೊಸ ಸೋರಿಕೆಗೆ ಆಹ್ವಾನ.

ಆ ತಗಡಿನಲ್ಲಿ ಕೊಳವೆ ಹಾಯುವ ಕಡೆ ಎಂಟು ಅಂಗುಲ ಎತ್ತರದ ಒಂದು ಕೊರಳನ್ನು ಸೇರಿಸಿದ್ದರು. ಆ ಕೊರಳಿಗೂ ಕೊಳವೆಗೂ ಯಾವ ಬೆಸುಗೆಯೂ ಇಲ್ಲ. ನಡುವೆ ಸ್ವಲ್ಪ ಎಡೆಯಿದೆ. ಅದರ ಮೇಲೆ, ಕೊಳವೆಗೆ ಮಾತ್ರ ಬಿಗಿದ ತಗಡಿನ ಒಂದು ಸಣ್ಣ ಕೊಡೆ. ಕೊಡೆ ಆ ಎಡೆಯನ್ನು ಮುಚ್ಚಿ ನೀರನ್ನು ಹೊರಕ್ಕೆ ಚೆಲ್ಲುತ್ತದೆ. ಕೊಳವೆ ಹಿಗ್ಗಿದರೆ ಕೊಡೆ ಅದರೊಡನೆ ಏರುತ್ತದೆ. ಮಾಡು ಹಿಗ್ಗಿದರೆ ಕೊರಳು ಅದರೊಡನೆ ಸರಿಯುತ್ತದೆ. ಒಂದೇ ಮನೆಯಲ್ಲಿದ್ದರೂ ಪರಸ್ಪರ ಎಳೆದಾಡದೆ ಬಾಳುವ ಅತ್ತೆ ಸೊಸೆಯರಂತೆ. ಶಾಖ ತಾಳುವ ಅಂಟು ಬೇಕಾದದ್ದು ಕೊಡೆ ಕೊಳವೆಗಳ ನಡುವಣ ಒಂದೇ ಗೆರೆಗೆ.

ಕೊನೆಯದು ಬಾಯಿ. ಡಬ್ಬದ ಬದಲಿಗೆ ಮೂರು ಕಾಲುಗಳ ಮೇಲೆ ನಿಂತ, ಸುತ್ತಲೂ ತೆರೆದಿರುವ ಟೊಪ್ಪಿಗೆಯನ್ನು ಹಾಕಿದರು. ಕೊಳವೆಯ ಬಾಯಿಗೂ ಟೊಪ್ಪಿಗೆಗೂ ನಡುವೆ ಬಾಯಗಲದ ಅರ್ಧದಷ್ಟಾದರೂ ಎಡೆ ಬೇಕು; ಆರು ಅಂಗುಲದ ಕೊಳವೆಗೆ ಮೂರು ಅಂಗುಲ. ಕೊಳವೆಯನ್ನೂ ನೆತ್ತಿಗಿಂತ ಎರಡು ಅಡಿ ಮೇಲಕ್ಕೆ ಏರಿಸಿದರು. ಇಲ್ಲವಾದರೆ ನೆತ್ತಿಯನ್ನು ದಾಟಿ ಬರುವ ಗಾಳಿ ಹೊಗೆಯನ್ನು ಮತ್ತೆ ಒಳಕ್ಕೆ ಒತ್ತುತ್ತದೆ.

ಎಲ್ಲರ ಮನೆಯಲ್ಲಿಯೂ ಕೊಳವೆ ನೆತ್ತಿಯ ಹತ್ತಿರ ಇರಲಾರದು. ಕೊಳವೆಯ ಮೇಲ್ಗಡೆ ಒಂದು ಮೀಟರು ಅಗಲ, ನಾಲ್ಕು ಮೀಟರು ಉದ್ದದ ಮಾಡಿದ್ದರೆ, ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 14,000 ಲೀಟರು ನೀರು ಆ ಕೊಳವೆಯ ಬೆನ್ನಿಗೆ ಬರುತ್ತದೆ. ಒಂದೇ ಮೀಟರು ಉದ್ದವಿದ್ದರೆ 3,500 ಲೀಟರು. ಹೊಸದಾಗಿ ಒಲೆ ಕಟ್ಟಿಸುವವರು ಕೊಳವೆಯನ್ನು ನೆತ್ತಿಯ ಸಮೀಪಕ್ಕೆ ತರುವುದು ಇದಕ್ಕಾಗಿಯೇ ಲೇಸು. ದೂರವೇ ಇದ್ದರೆ, ಮೇಲಿನ ತಗಡೂ ಕೆಳಗಿನ ತಗಡೂ ಕೂಡುವ ಸಂದಿಯಲ್ಲಿ ತಿರುಪುಗಳನ್ನು ಸಡಿಲಿಸಿ, ಕೊರಳಪಟ್ಟಿಯ ಮೇಲಂಚನ್ನು ಮೇಲಿನ ತಗಡಿನ ಅಡಿಗೆ ಸೇರಿಸಬೇಕು. ಅಗಲವಾದ ಇಟ್ಟಿಗೆಯ ಗೂಡಾದರೆ ಅದರ ಬೆನ್ನಿಗೆ ದೋಣಿಯ ಮೂತಿಯಂತೆ ಸಣ್ಣ ಏರೊಂದನ್ನು ಮಾಡಿ ನೀರನ್ನು ಎರಡು ಕಡೆಗೆ ಸೀಳಿ ಕಳುಹಿಸಬೇಕು. ಅಂಗಡಿಯಲ್ಲಿ ಸಿಕ್ಕುವ ರಬ್ಬರಿನ ಕೊರಳುಗಳೂ ಉಂಟು. ಆದರೆ ಕಪ್ಪು ರಬ್ಬರಿನದು ಸುಮಾರು 115 ಡಿಗ್ರಿಯ ಶಾಖವನ್ನಷ್ಟೆ ಸದಾ ತಾಳುತ್ತದೆ. ಕೆಂಪು ಸಿಲಿಕೋನಿನದು ಸುಮಾರು 200. ನೀರಿನ ಕೊಳವೆಗೆ ಹಾಕುವ ಕಪ್ಪು ಕೊರಳನ್ನು ಸೌದೆ ಒಲೆಯ ಕೊಳವೆಗೆ ಹಾಕಬಾರದು.

ಗೃಹಸ್ಥರಿಗೆ ಮೂರು ಎಚ್ಚರಿಕೆಗಳು. ಒದ್ದೆ ತಗಡಿನ ಮೇಲೆ ಯಾರೂ ಕಾಲಿಡಬಾರದು. ಸೋರಿಕೆಯಿಂದ ಹಂಡೆಗೆ ಹನಿ ಬಿದ್ದರೆ ಯಾರೂ ಸಾಯುವುದಿಲ್ಲ, ಮಾಡಿನಿಂದ ಜಾರಿದರೆ ಸಾಯಬಹುದು. ಎರಡನೆಯದು, ಹಳೆಯ ಹೊಗೆಕೊಳವೆಯಾಗಲಿ ಮಾಡಿನ ಶೀಟಾಗಲಿ ಆಸ್ಬೆಸ್ಟಾಸಿನ ಸಿಮೆಂಟಿನದಾಗಿದ್ದರೆ ಅದನ್ನು ಗರಗಸದಿಂದ ಕುಯ್ಯಬಾರದು, ಕೊರೆಯಬಾರದು, ಒಡೆಯಬಾರದು. ಆ ಧೂಳು ಶ್ವಾಸಕೋಶಕ್ಕೆ ಮಾರಕ. ಮೂರನೆಯದು, ಬರಿಯ ತಗಡಿನ ಕೊಳವೆ ಮರದ ಪಕ್ಕಾಸು ರೀಪುಗಳಿಗೆ ತಗುಲಿಕೊಂಡಿರಬಾರದು. ಅಮೆರಿಕದ ಅಗ್ನಿರಕ್ಷಣೆಯ ನಿಯಮದಲ್ಲಿ ಇದಕ್ಕೆ ಒಂದೂವರೆ ಅಡಿಯ ಅಂತರ ಹೇಳಿದ್ದಾರೆ.

ಈ ಕೆಲಸಕ್ಕೆ ತಕ್ಕ ಕಾಲ ಪತ್ತನಾಜೆಗೆ ಮುಂಚೆ. ಮೇ ತಿಂಗಳ ಕೊನೆಯ ವಾರದ ಆ ದಿನ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ಮಾಡಿನ ಕೆಲಸವೂ ಮುಗಿದಿರಬೇಕೆಂಬುದು ತುಳುನಾಡಿನ ಹಿರಿಯರ ಲೆಕ್ಕ. ಆಟಿಯಲ್ಲಿ ಮಾಡು ಹತ್ತಿಸಿದ್ದಕ್ಕೆ ಮೇಸ್ತ್ರಿಗಳು ಭಾವನವರನ್ನು ಚೆನ್ನಾಗಿಯೇ ಗದರಿಸಿದರು.

ಕೆಲಸ ಮುಗಿದ ಸಂಜೆಯೇ ಮಳೆ ಹೊಡೆಯಿತು. ನಾವೆಲ್ಲರೂ ಬಚ್ಚಲಿನಲ್ಲಿ ಮೇಲೆ ನೋಡುತ್ತ ನಿಂತೆವು. ಒಂದು ಹನಿಯೂ ಬೀಳಲಿಲ್ಲ. ಅಕ್ಕ ಒಲೆಗೆ ಎರಡು ಒಣ ಕೊತ್ತಳಿಗೆಗಳನ್ನಿಟ್ಟು ಬೆಂಕಿ ಮಾಡಿದಳು. ಹೊಗೆ ಸದ್ದಿಲ್ಲದೆ ಕೊಳವೆಯನ್ನು ಹೊಕ್ಕಿತು. ಭಾವನವರ ತಾಯಿ ತಮ್ಮ ಮಣೆಯನ್ನು ತರಿಸಿಕೊಂಡರು. ಈ ಸಲ ಮಾತ್ರ ಅವರು ಕುಳಿತುಕೊಳ್ಳುವುದಕ್ಕೆ ಮುಂಚೆ ಭಾವನವರು ಹೋಗಿ ಬಾಗಿಲನ್ನು ಅಗಲವಾಗಿ ತೆರೆದು, ಅದು ಮುಚ್ಚದಂತೆ ಒಂದು ಕಲ್ಲನ್ನಿಟ್ಟರು.

“ಚಳಿಯಾಗುತ್ತದೆ ಮಗಾ” ಎಂದರು ತಾಯಿ.

“ಆಗಲಿ ಅಮ್ಮಾ, ಕಂಬಳಿ ತರುತ್ತೇನೆ” ಎಂದು ಭಾವನವರು ತಾವೇ ಒಳಗೆ ಹೋದರು.

ಮೇಸ್ತ್ರಿಗಳು ಹೊರಡುವಾಗ ಭಾವನವರು ಹಣ ಕೊಟ್ಟು ಕೈಮುಗಿದು, “ಐದು ವರ್ಷ ನೀರನ್ನು ತಡೆಯುವುದಕ್ಕೆ ನೋಡಿದೆ ಮೇಸ್ತ್ರಿಗಳೇ, ಆಗಲಿಲ್ಲ” ಎಂದರು. ಅವರು ಚೀಲವನ್ನು ಹೆಗಲಿಗೇರಿಸುತ್ತ, “ನೀರನ್ನು ತಡೆಯುವುದಕ್ಕಾಗುತ್ತದೆಯೇ ಮಾಷ್ಟ್ರೇ? ಹೋಗಲಿಕ್ಕೆ ದಾರಿ ಕೊಟ್ಟರೆ ಅದೇ ಹೋಗುತ್ತದೆ. ಹೊಗೆಗೂ ಅಷ್ಟೆ” ಎಂದು ಹೇಳಿ ಮಳೆಯಲ್ಲಿ ಕೊಡೆ ಬಿಚ್ಚಿದರು.